ವಾಸನೆಯಿಲ್ಲದ ಕಾಲುಚೀಲ, ಬಸವಣ್ಣೆಪ್ಪನ ದನ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೊಳಚೆ ನೀರು ನೋಡಿ ಸಂಬಳ ಪಡೆದವಳು ನಾನು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ, ಈಗ ಇಲ್ಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಉಣ್ಣೆಯ ನೂಲಿಗೆ ಬಣ್ಣ ಹಾಕಿ ಸ್ವೆಟರು, ಮಫ್ಲರು, ಕಾಲುಚೀಲ ಹೆಣೆಯುತ್ತಿದ್ದರು. ಬಣ್ಣ ತೊಳೆದ ನೀರು ಹಿಂದಿನ ತೊಟ್ಟಿಗೆ ಬರುತ್ತಿತ್ತು. ಆ ತೊಟ್ಟಿಯಲ್ಲಿ ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಎಂದು ದಿನವೂ ಬರೆದಿಡುವುದು ನನ್ನ ಕೆಲಸ. ಬಡ್ತಿ ಒಂದು ಸಲ ಸಿಕ್ಕಿತು. ಅದರಿಂದ ನನ್ನ ಕುರ್ಚಿಗೆ ಎರಡು ಕೈ ಬಂದವು. ಆ ವಿಷಯ ಇಲ್ಲಿಗೆ ಮುಗಿಯಿತು.

ಇದಕ್ಕೂ ಮುಂಚೆ ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಎರಡು ವರ್ಷ ಕರಡು ತಿದ್ದಿದ್ದೆ. ಅಲ್ಲಿನ ಮುಖ್ಯ ಉಪಸಂಪಾದಕರು ಹೊಸಬರಿಗೆ ಕಲಿಸುತ್ತಿದ್ದುದು ಎರಡೇ ಮಾತು. ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ. ತಪ್ಪು ಎಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತೋ ತಿದ್ದುಪಡಿಯೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ. ಎರಡನೆಯದನ್ನು ಅವರು ಪಾಲಿಸಿದ್ದನ್ನು ಮಾತ್ರ ನಾನು ನೋಡಲಿಲ್ಲ.

ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಮೊದಲ ದಿನದ ವರದಿ ಹೀಗಿದೆ: ‘ಉದ್ದನೆಯ, ಕಪ್ಪು, ಬಾಗಿದ ಜೀವಿ ಒಂದು. ಚಲನೆಯಿಲ್ಲ.’ ಜೊತೆಗೊಂದು ಚಿತ್ರವನ್ನೂ ಬರೆದಿದ್ದೆ. ಮರುದಿನವೂ ಅದೇ ಜೀವಿ ಅದೇ ಜಾಗದಲ್ಲಿತ್ತು. ಮೂರನೆಯ ದಿನ ಅದು ನನ್ನ ಕಣ್ಣಿನ ರೆಪ್ಪೆಕೂದಲೆಂದು ಗೊತ್ತಾಯಿತು. ಸೂಕ್ಷ್ಮದರ್ಶಕಕ್ಕೆ ಕಣ್ಣು ತೀರಾ ಒತ್ತಿದರೆ ಎಲ್ಲರಿಗೂ ಹೀಗೇ ಕಾಣುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆ ಪುಟವನ್ನು ನೆನಪಿಟ್ಟುಕೊಳ್ಳಿ. ನಾನು ಹರಿದು ಹಾಕಿಲ್ಲ.

ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ತೇರಗಾಂವದ ಬಸವಣ್ಣೆಪ್ಪ. ಹಣೆಗೆ ವಿಭೂತಿ, ತಲೆಗೆ ಟವೆಲು, ಕೈಯಲ್ಲಿ ಉದ್ದನೆಯ ಬಿದಿರಿನ ಗಳ. ಹತ್ತು ವರ್ಷದಿಂದ ದಿನಗೂಲಿ. ಮನೆಯಲ್ಲಿ ಮೂರು ಎಕರೆ ಗೋವಿನಜೋಳ, ಎರಡು ಎತ್ತು, ಒಂದು ಆಕಳು. ಕಾರ್ಖಾನೆಯಲ್ಲಿ ತೊಟ್ಟಿ ತುಂಬ ದನ. ಕೊಳೆಯನ್ನು ತಿಂದು ನೀರು ತಿಳಿಗೊಳಿಸುವ ಸೂಕ್ಷ್ಮಜೀವಿಗಳನ್ನು ಅವರು ‘ದನಾ’ ಎಂದೇ ಕರೆಯುತ್ತಿದ್ದರು.

“ಅಕ್ಕಾರ, ದನಾ ಇವತ್ತ ಹೊಟ್ಟಿತುಂಬ ಉಂಡಾವ್ರಿ. ವಾಸನಿ ನೋಡ್ರಿ, ಮಳಿ ಬಿದ್ದ ಹೊಲದಂಗ ಐತಿ” ಎಂದು ಬೆಳಿಗ್ಗೆ ಕಿಟಕಿಯಿಂದಲೇ ಹೇಳುತ್ತಿದ್ದರು. ನಾನು ಒಂದು ತಾಸು ಎಣಿಸಿ, ಅಳೆದು, ಅದನ್ನೇ ಅಂಕಿಗಳಲ್ಲಿ ಬರೆಯುತ್ತಿದ್ದೆ.

“ಒಮ್ಮೆ ಇದರಾಗ ಇಣಕಿ ನೋಡ್ರಿ ಬಸವಣ್ಣೆಪ್ಪಾರ. ನಿಮ್ಮ ದನಾ ಹೆಂಗದಾವ ಅಂತ ನೋಡೀರಂತ” ಎಂದು ನಾನು ಕರೆದಾಗಲೆಲ್ಲ ಅವರದು ಒಂದೇ ಉತ್ತರ.

“ಎತ್ತಿನ ಹೊಟ್ಯಾಗ ಏನ ನಡದೈತಿ ಅಂತ ಹೊಟ್ಟಿ ಸೀಳಿ ನೋಡ್ತೀವೇನ್ರಿ? ಸಗಣಿ ನೋಡಿದ್ರ ತಿಳೀತೈತಿ.”

ಕಾರ್ಖಾನೆಗೆ ರಜೆಯಿದ್ದ ದಿನ ತೊಟ್ಟಿಗೆ ಕೊಳೆ ಬರುವುದಿಲ್ಲ, ಅಂದರೆ ದನಕ್ಕೆ ಊಟವಿಲ್ಲ. ಅದಕ್ಕೆ ರಜೆಯ ಹಿಂದಿನ ಸಂಜೆ ಮೂರು ಉಂಡೆ ಬೆಲ್ಲ ಲೆಕ್ಕಮಾಡಿ ಒಂದು ಡಬ್ಬಿಯಲ್ಲಿ ಹಾಕಿ ಕೊಡುವುದು, ಬಸವಣ್ಣೆಪ್ಪ ರಜೆಯ ದಿನ ಬಂದು ಅದನ್ನು ಸಗಣಿ ನೀರಿನಲ್ಲಿ ಕದಡಿ ಸುರಿಯುವುದು ನಮ್ಮ ಪದ್ಧತಿ. ಬೆಲ್ಲ ಇರುತ್ತಿದ್ದುದು ಮುಖ್ಯ ಕೆಮಿಸ್ಟರಾದ ಕುಲಕರ್ಣಿ ಸಾಹೇಬರ ಕಪಾಟಿನಲ್ಲಿ, ಬೀಗದೊಳಗೆ.

ಕುಲಕರ್ಣಿ ಸಾಹೇಬರು ಧಾರವಾಡದವರು. ಒಳ್ಳೆಯ ಕೆಮಿಸ್ಟು, ಅನುಮಾನದ ಮನುಷ್ಯ. ಬೆಲ್ಲ, ಗ್ಲೂಕೋಸು, ಸ್ಪಿರಿಟ್ಟು, ಹತ್ತಿ, ಎಲ್ಲಕ್ಕೂ ಬೀಗ. ಅವರು ಬೀಗ ಹಾಕದೆ ಬಿಟ್ಟಿದ್ದ ಒಂದೇ ವಸ್ತು ಫ್ಲಾಸ್ಕುಗಳನ್ನು ಅಲುಗಾಡಿಸುವ ಯಂತ್ರ. ಅದು ಲ್ಯಾಬಿಗೆ ಬಂದ ಉದ್ದೇಶ ಬೇರೆ. ಬೇಸಿಗೆಯಲ್ಲಿ ಅದು ಮಾಡುತ್ತಿದ್ದ ಕೆಲಸ ಬೇರೆ. ಸಾಹೇಬರು ಮನೆಯಿಂದ ಸ್ಟೀಲಿನ ಡಬ್ಬಿಯಲ್ಲಿ ಮೊಸರು ತರುತ್ತಿದ್ದರು. ಡಬ್ಬಿಯನ್ನು ಯಂತ್ರಕ್ಕೆ ಕಟ್ಟಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮಜ್ಜಿಗೆ ಒಂದು ಕಡೆ, ಬೆಣ್ಣೆ ಒಂದು ಕಡೆ. ಮಜ್ಜಿಗೆಯಲ್ಲಿ ನಮಗೂ ಪಾಲಿತ್ತು. ಆದ್ದರಿಂದ ಲ್ಯಾಬಿನಲ್ಲಿ ಯಾರಿಗೂ ಆಕ್ಷೇಪಣೆ ಇರಲಿಲ್ಲ. ನನಗೂ ಇರಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ವರ್ಷಗಳು ಅವು. ನ್ಯಾನೊ ಎಂಬ ಪದ ಆಗಷ್ಟೇ ನಮ್ಮ ಕಡೆ ಬಂದಿತ್ತು. ನಮ್ಮ ದೊಡ್ಡ ಗಿರಾಕಿ ಮುಂಡಗೋಡದ ಟಿಬೆಟನ್ ಕಾಲೊನಿಯ ತಾಶಿ. ಚಳಿಗಾಲಕ್ಕೆ ದೂರದ ಊರುಗಳಿಗೆ ಹೋಗಿ ಸ್ವೆಟರು ಮಾರುವ ಕಾಲೊನಿಯ ವ್ಯಾಪಾರಿಗಳಿಗೆಲ್ಲ ಇವನೇ ಮಾಲು ಒದಗಿಸುತ್ತಿದ್ದ. ಅವನಿಗೆ ಒಂದು ಹೊಸ ಆಸೆ ಹುಟ್ಟಿತ್ತು: ವಾಸನೆ ಬಾರದ ಕಾಲುಚೀಲ.

“ಅಕ್ಕಾ, ನಿಮಗ ಗೊತ್ತಿಲ್ಲ. ನಮ್ಮ ಪ್ರಾರ್ಥನಾ ಮಂದಿರದ ಬಾಗಿಲದಾಗ ಐನೂರ ಜೋಡ ಬೂಟು ಬಿಟ್ಟಿರ್ತಾರ. ಒಳಗ ಎಲ್ಲಾರೂ ಧ್ಯಾನ ಮಾಡ್ತಾರ. ಬಾಗಿಲ ಹತ್ರ ಕುಂತಾಂವ ಮಾತ್ರ ಉಸರ ಹಿಡದ ಧ್ಯಾನ ಮಾಡ್ತಾನ” ಎಂದು ತಾಶಿ ಅಪ್ಪಟ ಮುಂಡಗೋಡದ ಕನ್ನಡದಲ್ಲಿ ಹೇಳಿದ. ಅವನು ಹುಟ್ಟಿದ್ದು ಅಲ್ಲಿಯೇ.

ಪುಣೆಯ ಕಡೆಯ ಒಬ್ಬ ಮಾರಾಟಗಾರ ಇದಕ್ಕೆ ಪರಿಹಾರ ತಂದ. ನ್ಯಾನೊ, ಅಂದರೆ ಅತಿ ಸಣ್ಣ ಕಣಗಳ ಜಿಂಕ್ ಆಕ್ಸೈಡ್ ಪುಡಿ. ಮುಲಾಮಿನಲ್ಲಿ, ಮೈಗೆ ಹಚ್ಚುವ ಪೌಡರಿನಲ್ಲಿ ಇರುವ ಸತುವಿನದೇ ಪುಡಿ, ಆದರೆ ಕಣ ಎಷ್ಟು ಚಿಕ್ಕದೆಂದರೆ ನಮ್ಮ ಸೂಕ್ಷ್ಮದರ್ಶಕಕ್ಕೂ ಕಾಣದು. ನೂಲಿಗೆ ಹಚ್ಚಿದರೆ ವಾಸನೆ ಹುಟ್ಟಿಸುವ ರೋಗಾಣು ಸಾಯುತ್ತದೆ ಎಂದು ಅವನ ಕಾಗದದ ಮೊದಲ ಪುಟ ಹೇಳುತ್ತಿತ್ತು. ಪರಿಸರಕ್ಕೆ ಪೂರ್ತಿ ನಿರಪಾಯ ಎಂದು ಎರಡನೆಯ ಪುಟ. ಎರಡು ಪುಟಗಳನ್ನೂ ಒಟ್ಟಿಗೆ ಓದಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಓದುವುದು ನನ್ನ ಕೆಲಸವಾಗಿತ್ತು.

ಮಾಲೀಕರನ್ನು ನಾವೆಲ್ಲ ಸಾಹುಕಾರರು ಎನ್ನುತ್ತಿದ್ದೆವು. ಪುಡಿ ತೊಟ್ಟಿಗೆ ಸೇರಿದರೆ ಏನಾದೀತು ಎಂದು ಪರೀಕ್ಷಿಸಲು ಅವರು ಲ್ಯಾಬಿಗೆ ಹೇಳಿಕಳಿಸಿದರು. ನಾನು ತೊಟ್ಟಿಯ ಕೆಸರು ನೀರನ್ನು ಫ್ಲಾಸ್ಕಿಗೆ ಹಾಕಿದೆ, ಒಣ ಪುಡಿಯನ್ನು ತೂಗಿ ಸುರಿದೆ. ಇನ್ನು ಅದನ್ನು ಯಂತ್ರದ ಮೇಲಿಟ್ಟು ಅಲುಗಾಡಿಸುತ್ತಿರಬೇಕು. ಯಂತ್ರದ ಮೇಲೆ ಮೊಸರಿತ್ತು. ಸಾಹೇಬರ ಮನೆಗೆ ಬೀಗರು ಬಂದಿದ್ದ ವಾರ ಅದು. ಬೆಣ್ಣೆ ಹೆಚ್ಚು ಬೇಕಾಗಿತ್ತು. ಇರಲಿ ಎಂದು ಫ್ಲಾಸ್ಕನ್ನು ಕಪಾಟಿನ ಮೇಲಿಟ್ಟು, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪಿನಿಂದ ಮೇಲುಮೇಲೆ ಗಾಳಿ ಬಿಟ್ಟೆ. ಎರಡು ದಿನದ ನಂತರ ಮೇಲಿನ ನೀರಿನಿಂದ ಒಂದು ಹನಿ ತೆಗೆದು ನೋಡಿದೆ.

ನೋಡಿದ್ದೇನು? ಗಂಟೆಯಾಕಾರದ ಜೀವಿಗಳು ತಮ್ಮ ಕಾಂಡದ ಮೇಲೆ ನಿಂತು ಬಾಯಿ ಅಗಲಿಸಿ ಉಣ್ಣುತ್ತಿದ್ದವು. ಗಾಜು ತಟ್ಟಿದರೆ ಕಾಂಡ ಸ್ಪ್ರಿಂಗಿನಂತೆ ಸುರುಳಿಯಾಗಿ ಕುಸಿದು ಮತ್ತೆ ಏಳುತ್ತಿತ್ತು. ತೊಟ್ಟಿಯ ಆರೋಗ್ಯ ಸರಿಯಿದೆ ಎನ್ನುವುದಕ್ಕೆ ಇವೇ ಗುರುತು. ‘ಜೀವಿಗಳ ಮೇಲೆ ಯಾವ ಪರಿಣಾಮವೂ ಕಂಡುಬಂದಿಲ್ಲ’ ಎಂದು ಬರೆದು ಸಹಿ ಮಾಡಿದೆ. ಸಾಹುಕಾರರಿಗೆ ಈ ವಾಕ್ಯ ಎಷ್ಟು ಹಿಡಿಸಿತೆಂದರೆ, ಅದನ್ನು ಡ್ರಾಯಿಂಗ್ ಹಾಳೆಯ ಮೇಲೆ ಅಂಗೈ ಎತ್ತರದ ಅಕ್ಷರಗಳಲ್ಲಿ ಬರೆಸಿ, ಕೆಳಗೆ ನನ್ನ ಹೆಸರು ಹಾಕಿಸಿ, ಗಿರಾಕಿಗಳು ಕೂರುವ ಕೋಣೆಯಲ್ಲಿ ತೂಗುಹಾಕಿದರು. ಪತ್ರಿಕೆಯಲ್ಲಿದ್ದ ಎರಡು ವರ್ಷದಲ್ಲಿ ನನ್ನ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. ದಿನಕ್ಕೆ ಒಂದು ಸಲವಾದರೂ ಆ ಕೋಣೆಗೆ ಹೋಗಲು ನನಗೆ ಏನಾದರೊಂದು ಕೆಲಸ ಬೀಳುತ್ತಿತ್ತು.

ಶುಕ್ರವಾರ ಮತ್ತು ಶನಿವಾರ ಪುಡಿ ಹಚ್ಚಿದ ಕಾಲುಚೀಲಗಳ ಮೊದಲ ಸುತ್ತು ನಡೆಯಿತು. ತೊಳೆದ ನೀರು ತೊಟ್ಟಿಗೆ ಹೋಯಿತು. ರವಿವಾರ ರಜೆ.

ಸೋಮವಾರ ಬೆಳಿಗ್ಗೆ ಬಸವಣ್ಣೆಪ್ಪ ಕಿಟಕಿಯಿಂದ ಕೈಮಾಡಿ ಕರೆದರು. ಹೊರಗೆ ಹೋದೆ. ತೊಟ್ಟಿಯ ಮೇಲೆ ಬಿಳಿ ನೊರೆ ಮೊಳಕಾಲೆತ್ತರ ನಿಂತಿತ್ತು. ಕೆಸರಿನ ಕಂದು ಬಣ್ಣ ಹೋಗಿ ಬೂದಿ ಬಂದಿತ್ತು. ಹನಿ ತಂದು ನೋಡಿದರೆ ಖಾಲಿ ಕಾಂಡಗಳು, ಒಡೆದ ಗಂಟೆಗಳು. ಅಲುಗುವುದು ಒಂದೂ ಇಲ್ಲ.

ಕುಲಕರ್ಣಿ ಸಾಹೇಬರು ಆಮ್ಲಜನಕದ ಮೀಟರು ತಂದು ನೀರಿಗಿಳಿಸಿದರು. ಮುಳ್ಳು ಎಂದಿಗಿಂತ ಮೇಲೆ ಹೋಯಿತು.

“ಆಮ್ಲಜನಕ ಭರಪೂರ ಅದ ನೋಡ್ರಿ. ಗಾಳಿಗೆ ಏನೂ ಕಮ್ಮಿ ಇಲ್ಲ” ಎಂದರು.

“ಉಣ್ಣೋರ ಇಲ್ದ ಮ್ಯಾಲ ಗಂಗಾಳ ತುಂಬೇ ಇರ್ತೈತಲ್ರಿ ಸಾಹೇಬ್ರ” ಎಂದರು ಬಸವಣ್ಣೆಪ್ಪ.

ಸಾಹೇಬರಿಗೆ ಅದು ಹಿಡಿಸಲಿಲ್ಲ. ಪುಡಿಯ ತಪ್ಪಲ್ಲ, ಲ್ಯಾಬಿನ ವರದಿಯೇ ಗೋಡೆಯ ಮೇಲಿದೆ. ಗಾಳಿಯ ತಪ್ಪಲ್ಲ, ಮೀಟರೇ ಹೇಳುತ್ತಿದೆ. ಉಳಿದದ್ದು ಬೆಲ್ಲ.

“ನಿನ್ನೆ ಬೆಲ್ಲಾ ಹಾಕಿದ್ಯೋ ಇಲ್ಲೋ?”

“ಮೂರೂ ಉಂಡಿ ಕದಡಿ ಹಾಕೇನ್ರಿ.”

“ಸಾಕ್ಷಿ?”

“ಡಬ್ಬಿ ಖಾಲಿ ಐತಲ್ರಿ.”

“ಡಬ್ಬಿ ಖಾಲಿ ಆಗೂದಕ್ಕ ತೊಟ್ಟಿಗೇ ಹಾಕಬೇಕಂತ ಏನದ? ಹೊಟ್ಟಿಗೆ ಹಾಕಿದ್ರೂ ಖಾಲಿ ಆಗ್ತದ.”

ಬೆಲ್ಲ ಉಳಿದಿದ್ದರೆ ಹಾಕಿಲ್ಲ, ಮುಗಿದಿದ್ದರೆ ತಿಂದಿದ್ದಾನೆ. ಇಂಥ ವಿಚಾರಣೆಯಲ್ಲಿ ಗೆಲ್ಲುವ ದಾರಿ ನನಗೂ ಹೊಳೆಯಲಿಲ್ಲ. ಬಸವಣ್ಣೆಪ್ಪನವರ ಖಾಯಂ ನೌಕರಿಯ ಕಾಗದ ಆ ವಾರವೇ ಸಾಹುಕಾರರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಸಹಿ ಬೀಳಲಿಲ್ಲ. ಗುರುವಾರ ಸಾಹುಕಾರರೇ ಮಾತಾಡಿ ತೀರ್ಮಾನ ಹೇಳುತ್ತಾರೆ, ಅಲ್ಲಿಯವರೆಗೆ ಕೆಲಸಕ್ಕೆ ಬರುವುದು ಬೇಡ ಎಂದಾಯಿತು. ಮಗ್ಗುಲಲ್ಲೇ ನಿಂತಿದ್ದ ನಾನು ಏನೂ ಹೇಳಲಿಲ್ಲ. ನನ್ನ ಹೆಸರು ಗೋಡೆಯ ಮೇಲಿತ್ತಲ್ಲ.

ಬಸವಣ್ಣೆಪ್ಪ ಬುತ್ತಿ ಗಂಟು ತೆಗೆದುಕೊಳ್ಳಲು ಲ್ಯಾಬಿಗೆ ಬಂದರು. ಗಂಟು ಇರುತ್ತಿದ್ದುದು ಕಪಾಟಿನ ಮೇಲೆ, ನನ್ನ ಪರೀಕ್ಷೆಯ ಫ್ಲಾಸ್ಕಿನ ಪಕ್ಕದಲ್ಲಿ. ಫ್ಲಾಸ್ಕನ್ನು ನಾನಿನ್ನೂ ತೊಳೆದಿರಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದರು.

“ಇದೇನ್ರಿ ಅಕ್ಕಾರ, ತಳದಾಗ ಸುಣ್ಣಾ ಕುಂತಂಗ?”

“ಅದ ಹೊಸಾ ಪುಡಿ.”

“ಪುಡಿ ಹಚ್ಚೋ ಮಶೀನದಾಗ ಇದು ಹಿಂಗ ಕೂಡಂಗಿಲ್ರಿ. ಎಂಥಾದೋ ಸೋಪಿನ ಎಣ್ಣಿ ಹಾಕಿ ತಿರುವ್ತಾರ. ಹಾಲಾಗಿ ಬರ್ತೈತಿ, ಎರಡ ದಿನಾ ಇಟ್ರೂ ತಿಳಿ ಆಗಂಗಿಲ್ಲ. ನೀವು ವಿಷಾ ತಳದಾಗ ಕುಂಡರಿಸಿ, ಮ್ಯಾಲಿನ ತಿಳಿನೀರ ಕುಡಿಸಿ, ದನಾ ಆರಾಮ ಅದಾವ ಅಂತ ಬರದೀರೇನ್ರಿ?”

ಸಿಟ್ಟಿನಿಂದ ಕೇಳಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದರು. ಕಂಡದ್ದನ್ನು ಬರೆದಿದ್ದೆ, ಅದು ಸರಿ. ಎಲ್ಲಿ ನೋಡಬೇಕಿತ್ತೋ ಅಲ್ಲಿ ನೋಡಿರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಬಳಿಯ ಜಾಡಿ ಕಣ್ಣಿಗೆ ಬಿತ್ತು. ಪುಡಿ ಬೀಳುವ ಮುಂಚೆ, ಗುರುವಾರ ತೆಗೆದಿಟ್ಟ ತೊಟ್ಟಿಯ ಕೆಸರು, ಸಣ್ಣ ಪಂಪಿನ ಗಾಳಿಯೊಂದನ್ನು ಬಿಟ್ಟರೆ ನಾಲ್ಕು ದಿನದಿಂದ ಅದಕ್ಕೆ ಕೊಳೆಯಿಲ್ಲ, ಬೆಲ್ಲವಿಲ್ಲ. ಒಂದು ಹನಿ ತೆಗೆದು ನೋಡಿದೆ. ಗಂಟೆಗಳು ಸ್ವಲ್ಪ ಸೊರಗಿದ್ದವು, ಆದರೆ ಗಾಜು ತಟ್ಟಿದೊಡನೆ ಕುಸಿದು ಮತ್ತೆ ಎದ್ದವು. ನಾಲ್ಕು ದಿನದ ಉಪವಾಸಕ್ಕೆ ಸಾಯದವು ಒಂದು ರವಿವಾರ ಬೆಲ್ಲ ತಪ್ಪಿದ್ದಕ್ಕೆ ಸತ್ತವೆಂದರೆ ನಂಬುವುದು ಹೇಗೆ?

ಮಂಗಳವಾರ ಯಂತ್ರದ ಮೇಲಿದ್ದ ಸಾಹೇಬರ ಡಬ್ಬಿಯನ್ನು ಕೆಳಗಿಳಿಸಿದೆ. ಜಾಡಿಯ ಕೆಸರನ್ನು ಮೂರು ಫ್ಲಾಸ್ಕಿಗೆ ಹಂಚಿದೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಬರೀ ಸೋಪಿನ ಎಣ್ಣೆ, ಮೂರನೆಯದಕ್ಕೆ ಮಶೀನಿನಿಂದ ತಂದ ಹಾಲಿನಂಥ ನೀರು. ಸೋಪಿನ ಎಣ್ಣೆಯ ಮೇಲೆ ನನಗೆ ಅನುಮಾನವಿತ್ತು. ಅದನ್ನು ಬಿಟ್ಟಿದ್ದರೆ ಎರಡನೆಯ ಸಲವೂ ಅರ್ಧ ಸತ್ಯ ಬರೆಯುತ್ತಿದ್ದೆ. ಮೂರನ್ನೂ ಅಲುಗಾಡಿಸಿದೆ. ಸಂಜೆಯ ಹೊತ್ತಿಗೆ ಮೊದಲ ಎರಡರಲ್ಲಿ ಗಂಟೆಗಳು ಉಣ್ಣುತ್ತಿದ್ದವು. ಮೂರನೆಯದರಲ್ಲಿ ಬರೀ ಕಾಂಡಗಳು. ಬುಧವಾರ ಮತ್ತೆ ಮಾಡಿದೆ. ಅದೇ ಫಲಿತಾಂಶ.

ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಕಣ ಚಿಕ್ಕದಾದಷ್ಟೂ ನೀರಿಗೆ ತಾಗುವ ಅದರ ಮೈ ಹೆಚ್ಚು. ಕರಗಿ ಸತುವನ್ನು ಬಿಡುವುದು ಬೇಗ, ಜೀವಿಯ ಹೊರಪೊರೆಗೆ ಅಂಟಿ ಅದನ್ನು ಕೆಡಿಸುವುದೂ ಸುಲಭ. ಒಂದಕ್ಕೊಂದು ಅಂಟಿ ಗಡ್ಡೆಯಾಗಿ ತಳ ಸೇರಿದಾಗ ಆ ಕಸುವು ಬಹಳ ಮಟ್ಟಿಗೆ ಉಡುಗುತ್ತದೆ. ಈಗ ಇದು ಪಠ್ಯಪುಸ್ತಕದ ಮಾತು. ಆಗ ನಮಗೆ ಹೇಳಿಕೊಟ್ಟದ್ದು ತೇರಗಾಂವದ ರೈತ, ಬುತ್ತಿ ಗಂಟು ಕಂಕುಳಲ್ಲಿಟ್ಟುಕೊಂಡು.

ಬುಧವಾರ ಸಂಜೆ ಕುಲಕರ್ಣಿ ಸಾಹೇಬರಿಗೆ ಎಲ್ಲವನ್ನೂ ತೋರಿಸಿದೆ. ಮೂರು ಸಲ ಸೂಕ್ಷ್ಮದರ್ಶಕದಲ್ಲಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

“ಶೈಲಾ ಅವರ, ಹಳೇ ಪುಟಾ ತಗದು ಹೊಸಾದು ಬರದ್ರ ಹೆಂಗ? ಮೊದಲಿನ ಪರೀಕ್ಷಾ ಆಗೇ ಇಲ್ಲ ಅನ್ನೂಣು.”

“ಸರ್, ರಿಜಿಸ್ಟರಿನ ಪುಟಕ್ಕ ನಂಬರ್ ಐತ್ರಿ. ಗೋಡೆ ಮ್ಯಾಲಿನ ಹಾಳಿಗೆ ನನ್ನ ಹೆಸರೈತಿ.”

“ಹಂಗಾರ ಮೊದಲನೇ ಸಲ ಯಾಕ ಅಲಗ್ಯಾಡಿಸಲಿಲ್ಲ ಅಂತ ಸಾಹುಕಾರ್ರು ಕೇಳ್ತಾರ.”

“ಕೇಳ್ತಾರ್ರಿ.”

“ಏನ ಹೇಳ್ತೀರಿ?”

ಇಬ್ಬರೂ ಯಂತ್ರದ ಕಡೆ ನೋಡಿದೆವು. ಅದರ ಅಂಚಿಗೆ ಒಂದು ತೊಟ್ಟು ಬೆಣ್ಣೆ ಅಂಟಿಕೊಂಡಿತ್ತು.

ಸಾಹುಕಾರರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುವವರಲ್ಲ. ತಲೆ ತಿರುಗುತ್ತದೆ ಎನ್ನುತ್ತಿದ್ದರು. ಅದಕ್ಕೆ ನಾನು ಆ ಸಂಜೆ ಎರಡು ಸ್ಟೀಲ್ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ಹಾಲು ಹಾಕಿ, ಎರಡಕ್ಕೂ ಸಾಹೇಬರ ಡಬ್ಬಿಯ ಮೊಸರಿನಿಂದಲೇ ಹೆಪ್ಪು ಹಾಕಿದೆ. ಒಂದಕ್ಕೆ ಮಾತ್ರ ಎರಡು ಚಮಚ ಹೊಸ ಪುಡಿ ಕಲಸಿದೆ. ಇದು ಪರೀಕ್ಷೆಯಲ್ಲ, ನಾಟಕ. ರಿಜಿಸ್ಟರಿನಲ್ಲೂ ಹಾಗೆಯೇ ಬರೆದಿದ್ದೇನೆ. ಆದರೆ ನಾಟಕವಿಲ್ಲದೆ ಕೆಲವು ಸತ್ಯಗಳು ಮಾಲೀಕರ ಕೋಣೆಯ ಬಾಗಿಲು ದಾಟುವುದಿಲ್ಲ.

ಗುರುವಾರ ಕೋಣೆಯಲ್ಲಿ ಸಾಹುಕಾರರು, ಸಾಹೇಬರು, ಕಾಲುಚೀಲದ ಮಾತಿಗೆ ಬಂದ ತಾಶಿ, ಬಾಗಿಲ ಬಳಿ ಟವೆಲು ಕೈಗೆ ತೆಗೆದುಕೊಂಡ ಬಸವಣ್ಣೆಪ್ಪ. ನಾನು ಬಟ್ಟಲುಗಳನ್ನು ಮೇಜಿನ ಮೇಲಿಟ್ಟು ಎರಡನ್ನೂ ಓರೆ ಮಾಡಿದೆ. ಒಂದು ಗಟ್ಟಿ ಮೊಸರು, ಅಲುಗಲಿಲ್ಲ. ಇನ್ನೊಂದು ಹಾಲಾಗಿಯೇ ಹರಿದು ಸಾಹುಕಾರರ ಕಾಗದಗಳ ಕಡೆ ಹೊರಟಿತು.

“ಅರೇ, ಅರೇ! ಏನಿದು?”

“ಹೆಪ್ಪು ಒಂದ, ಹಾಲು ಒಂದ. ಇದಕ್ಕಷ್ಟ ಆ ಪುಡಿ ಹಾಕೇನ್ರಿ. ಮೊಸರ ಮಾಡೋ ಜೀವಾ ಸತ್ತಾವ. ನಮ್ಮ ತೊಟ್ಟ್ಯಾಗೂ ಇದ ಆಗೈತಿ.”

“ಮತ್ತ ಇದು?” ಎಂದು ಅವರು ಗೋಡೆಯ ಹಾಳೆ ತೋರಿಸಿದರು.

“ಅದು ನನ್ನ ತಪ್ಪರಿ. ಪುಡಿ ತಳದಾಗ ಕುಂತಿತ್ತು, ನಾ ಮ್ಯಾಲಿನ ನೀರ ನೋಡಿದೆ. ಫ್ಲಾಸ್ಕ ಅಲಗ್ಯಾಡಿಸಿರಲಿಲ್ಲ.”

“ಯಾಕ?”

ನಾನು ಬಾಯಿ ತೆರೆಯುವ ಮುಂಚೆ ಕುಲಕರ್ಣಿ ಸಾಹೇಬರು ಎದ್ದು ನಿಂತರು. “ಯಂತ್ರದ ಮ್ಯಾಲ ನನ್ನ ಮೊಸರಿತ್ತರಿ” ಎಂದರು. ಕೂತರು. ಅವರ ಕೆಳಗೆ ಅಷ್ಟು ವರ್ಷ ಕೆಲಸ ಮಾಡಿದ್ದರಲ್ಲಿ ಅವರು ಬೀಗ ಹಾಕದೆ ಆಡಿದ ಮಾತು ಅದೊಂದೇ.

ಸಾಹುಕಾರರು ಸಾಹೇಬರನ್ನು ನೋಡಿದರು, ಮೊಸರಿನ ಬಟ್ಟಲನ್ನು ನೋಡಿದರು, ನಗಬೇಕೋ ಬೈಯಬೇಕೋ ತೀರ್ಮಾನವಾಗದೆ ಬಸವಣ್ಣೆಪ್ಪನವರ ಕಡೆ ತಿರುಗಿದರು.

“ಅಂದ್ರ ಬೆಲ್ಲಾ ನೀ ಹಾಕಿದ್ದಿ?”

“ಹಾಕಿದ್ದೆರಿ. ಸತ್ತ ದನದ ಮುಂದ ಹಿಂಡಿ ಇಟ್ಟಂಗಾತು, ಅಷ್ಟ.”

ಆಗ ತಾಶಿ ಚೀಲದಿಂದ ಒಂದು ಜೋಡಿ ಕಾಲುಚೀಲ ತೆಗೆದು ಮೇಜಿನ ಮೇಲಿಟ್ಟ. ಶನಿವಾರ ಒಯ್ದಿದ್ದ ಮೊದಲ ಸುತ್ತಿನ ಮಾದರಿ, ಐದು ದಿನ ತಾನೇ ಹಾಕಿಕೊಂಡಿದ್ದ, ನಡುವೆ ಎರಡು ಸಲ ತೊಳೆದಿದ್ದ. “ಸಾಹುಕಾರ್ರ, ತಪ್ಪ ತಿಳ್ಕೋಬ್ಯಾಡ್ರಿ, ಒಮ್ಮೆ ಮೂಸಿ ನೋಡ್ರಿ” ಎಂದ. ಮೂಸುವ ಅಗತ್ಯ ಬೀಳಲಿಲ್ಲ. ಮೇಜಿನ ಈಚೆಗೇ ಗೊತ್ತಾಯಿತು. ಪುಡಿ ತೊಳೆದ ನೀರಿನಲ್ಲಿ ಹೋಗಿತ್ತು, ವಾಸನೆ ಉಳಿದಿತ್ತು. ನಮ್ಮ ತೊಟ್ಟಿಯ ದನವನ್ನೆಲ್ಲ ಕೊಂದ ಔಷಧಿಗೆ ತಾಶಿಯ ಕಾಲು ಬಗ್ಗಿರಲಿಲ್ಲ.

ಪುಡಿ ವಾಪಸು ಹೋಯಿತು. ಖಾಯಂ ಕಾಗದಕ್ಕೆ ಅಲ್ಲಿಯೇ ಸಹಿ ಬಿತ್ತು, ಒಂದು ಮೂಲೆಗೆ ಹಾಲು ತಾಗಿತ್ತು. ಗೋಡೆಯ ಹಾಳೆಯನ್ನು ಇಳಿಸಲು ಸಾಹುಕಾರರು ಹೇಳಿದಾಗ, ಇರಲಿ ಎಂದೆ. ಅದರ ಕೆಳಗೆ ಅಷ್ಟೇ ಎತ್ತರದ ಅಕ್ಷರಗಳಲ್ಲಿ ನಾನೇ ಬರೆದೆ: ‘ತಿದ್ದುಪಡಿ: ಮೇಲಿನ ವರದಿ ತಪ್ಪು. ಪುಡಿ ಜೀವಿಗಳನ್ನು ಕೊಲ್ಲುತ್ತದೆ.’ ಕೆಳಗೆ ಮತ್ತೆ ನನ್ನ ಹೆಸರು. ಮೂರು ದಿನ ಅದು ಹಾಗೆಯೇ ಇತ್ತು. ನಾಲ್ಕನೆಯ ದಿನ ಅದರ ಜಾಗದಲ್ಲಿ ಕ್ಯಾಲೆಂಡರು ಬಂತು. ಆ ಕೋಣೆಯಲ್ಲಿ ನನಗೆ ಕೆಲಸ ಬೀಳುವುದೂ ಕಡಿಮೆಯಾಯಿತು.

ಸತ್ತ ತೊಟ್ಟಿಗೆ ಜೀವ ಬರಲು ಹೊಸ ಕೆಸರಿನ ಹೆಪ್ಪು ಬೇಕಿತ್ತು. ದಾಂಡೇಲಿ ಕಡೆಯ ಇನ್ನೊಂದು ತೊಟ್ಟಿಯಿಂದ ಬಸವಣ್ಣೆಪ್ಪ ಹಾಲಿನ ಕ್ಯಾನಿನಲ್ಲಿ ಅದನ್ನು ಬಸ್ಸಿನಲ್ಲೇ ತಂದರು. ಏನಿದು ಎಂದು ಕಂಡಕ್ಟರ್ ಕೇಳಿದನಂತೆ. “ದನಾ ಅದಾವ್ರಿ” ಎಂದರಂತೆ. ಲಗೇಜಿನ ಚೀಟಿ ಹರಿಯಬೇಕೋ ಬೇಡವೋ ಎಂದು ಅವನು ಕಾರ್ಖಾನೆಯ ಸ್ಟಾಪು ಬರುವವರೆಗೂ ಯೋಚಿಸಿದನಂತೆ. ಇದು ನಾನು ಕಂಡದ್ದಲ್ಲ, ಕೇಳಿದ್ದು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಕಿಟಕಿಯಲ್ಲಿ, “ಅಕ್ಕಾರ, ಮಳಿ ಬಿದ್ದ ಹೊಲದ ವಾಸನಿ” ಎಂಬ ಧ್ವನಿ ಕೇಳಿಸಿತು. ಹನಿ ತಂದು ನೋಡಿದೆ. ಒಂದೇ ಒಂದು ಗಂಟೆ ಕಾಂಡದ ಮೇಲೆ ನಿಂತು ಉಣ್ಣುತ್ತಿತ್ತು. ಈ ಸಲ ನಾನು ಕರೆಯಲಿಲ್ಲ. ಬಸವಣ್ಣೆಪ್ಪ ತಾವೇ ಚಪ್ಪಲಿ ಕಳಚಿ ಒಳಗೆ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

“ಉದ್ದನ ಕರೀ ಹುಳಾ ಒಂದ ಕಾಣಾಕತ್ತೈತ್ರಿ.”

“ಅದು ನಿಮ್ಮ ಕಣ್ಣಿನ ಕೂದಲಾ. ಸ್ವಲ್ಪ ಹಿಂದ ಸರೀರಿ.”

ಸರಿದರು. ಬಹಳ ಹೊತ್ತು ನೋಡಿದರು. ನಾನು ಗಾಜು ತಟ್ಟಿದೆ. ಗಂಟೆ ಕುಸಿದು ಎದ್ದಾಗ ಅವರ ಭುಜವೂ ಒಮ್ಮೆ ಹಾರಿತು.

“ಇಷ್ಟ ಸಣ್ಣವೇನ್ರಿ ಇವು?” ಎಂದರು ತಲೆಯೆತ್ತಿ. “ಇದರ ಹೊಟ್ಟಿಗೆ ಮೂರ ಉಂಡಿ ಬೆಲ್ಲಾ ಬಾಳ ಆತಲ್ರಿ, ಅಕ್ಕಾರ!”

ಮುಂದಿನ ರವಿವಾರದಿಂದಲೂ ಕಪಾಟಿನಿಂದ ಮೂರು ಉಂಡೆಯೇ ಹೊರಬರುತ್ತಿತ್ತು, ಸೋಮವಾರ ಡಬ್ಬಿ ಖಾಲಿಯಿರುತ್ತಿತ್ತು, ತೊಟ್ಟಿ ಚೆನ್ನಾಗಿಯೇ ಇತ್ತು. ಸೋಮವಾರ ಹತ್ತು ಗಂಟೆಗೆ ಬಸವಣ್ಣೆಪ್ಪ ಲ್ಯಾಬಿಗೆ ಚಹಾ ತರುತ್ತಿದ್ದರು. ಸಾಹೇಬರಿಗೊಂದು, ನನಗೊಂದು, ತಮಗೊಂದು. ಆ ಒಂದು ದಿನದ ಚಹಾ ಮಾತ್ರ ಬೆಲ್ಲದ್ದಾಗಿರುತ್ತಿತ್ತು. ಬೆಲ್ಲ ಎಲ್ಲಿಂದ ಬಂತೆಂದು ನಾನು ಕಾಣಲಿಲ್ಲ. ಕಾಣದ್ದನ್ನು ರಿಜಿಸ್ಟರಿನಲ್ಲಿ ಬರೆಯಲೂ ಇಲ್ಲ.